ಆಪರೇಷನ್ ಚಾಕು ಯಾರ ಕೈಗೆ?

(ವಿದ್ಯಾರ್ಥಿ ನಿಲಯಗಳ ಗೆಳೆಯ ಗೆಳತಿಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಇವತ್ತು ನಾವು ಮಾತಾಡೋಕೆ ಬಂದಿರೋದು ಸರ್ಜನ್ ಆಗುವ ದಾರಿಯ ಬಗ್ಗೆ. ಭಾಷಣ ಅಂದ ಮೇಲೆ ಘೋಷಣೆ ಇರಬೇಕು ಅಂತ ಕಾದಿದ್ದರೆ ಸ್ವಲ್ಪ ತಾಳಿ. ಮೊದಲು ಲೆಕ್ಕ, ಆಮೇಲೆ ಘೋಷಣೆ. ಲೆಕ್ಕ ಕೇಳದೆ ಘೋಷಣೆ ಮಾತ್ರ ಕೂಗುವ ನಮ್ಮಂಥವರನ್ನ ಮೋಸ ಮಾಡೋದು ಬಹಳ ಸುಲಭ.

ನಾವೂ ನಿಮ್ಮ ಹಾಗೇ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನ ಅನ್ನ ತಿಂದು ಓದಿದವರು. ನಮ್ಮಲ್ಲಿ ಕೆಲವರು ಈಗ ಸರ್ಜರಿಯಲ್ಲಿ ಪಿ.ಜಿ. ಮಾಡುತ್ತಿದ್ದೇವೆ, ಕೆಲವರು ಮುಗಿಸಿದ್ದೇವೆ. ಹಾಸ್ಟೆಲಿಗೆ ಬಂದಾಗಲೆಲ್ಲ ಹುಡುಗರು ಕೇಳುವ ಪ್ರಶ್ನೆ ಎರಡು. ಇಲ್ಲಿ ತನಕ ಹೇಗೆ ಬಂದ್ರಿ? ಆ ಕಾಲೇಜನ್ನೇ ಯಾಕೆ ಆರಿಸಿಕೊಂಡ್ರಿ? ಈ ಎರಡೂ ಪ್ರಶ್ನೆಗೆ ನಾವು ಕೂಡಿ ಯೋಚಿಸಿದ ಉತ್ತರವನ್ನ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಒಂದು ಮಾತು. ಎಲ್ಲ ವೈದ್ಯ ವಿದ್ಯೆಗಿಂತ ಸರ್ಜರಿ ಬೇರೆ. ಯಾಕೆ ಅಂದರೆ ಇದು ಮುಟ್ಟುವ ವಿದ್ಯೆ. ಮುಟ್ಟದೆ ಮಾತ್ರೆ ಬರೆದುಕೊಡಬಹುದು. ಮುಟ್ಟದೆ ಹೊಟ್ಟೆ ಕೊಯ್ಯೋಕೆ ಆಗಲ್ಲ. ಮುಟ್ಟಬಾರದವರು ಅಂತ ಅನ್ನಿಸಿಕೊಂಡವರು ನಾವು. ಬಾಬಾಸಾಹೇಬರು ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ 1929ರ ಒಂದು ಘಟನೆಯನ್ನ ದಾಖಲು ಮಾಡಿದ್ದಾರೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟರ ಹೆಂಡತಿ ಹೆರಿಗೆಯಾದ ಮೇಲೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಕಾಲಿಡಲು ಒಪ್ಪಲಿಲ್ಲ. ಬಾಣಂತಿಯನ್ನೇ ಹೊರಗೆ ತರಿಸಿದರು. ಥರ್ಮಾಮೀಟರನ್ನ ಒಬ್ಬ ಮುಸ್ಲಿಮನ ಕೈಗೆ ಕೊಟ್ಟರು. ಅವನು ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ ಕೊಟ್ಟ. ವಾಪಸ್ಸೂ ಹಾಗೇ ಬಂತು. ಆ ತಾಯಿ ಉಳಿಯಲಿಲ್ಲ.

ಇನ್ನೊಂದು ಕಡೆ ನೋಡಿ. ಊರ ಹೆಂಗಸರ ಹೆರಿಗೆ ಮಾಡಿಸಿ ಹೊಕ್ಕುಳ ಬಳ್ಳಿ ಕೊಯ್ದ ಸೂಲಗಿತ್ತಿಯರು ಬಹಳ ಊರುಗಳಲ್ಲಿ ಯಾರು? ನಮ್ಮ ಅವ್ವಂದಿರು, ಅಜ್ಜಿಯರು. ಹೆಣ ಹೊತ್ತವರು ಯಾರು? ನಮ್ಮ ಅಪ್ಪಂದಿರು. ಇವತ್ತಿಗೂ ಬಹಳಷ್ಟು ಸರ್ಕಾರಿ ಆಸ್ಪತ್ರೆಗಳ ಶವಾಗಾರಕ್ಕೆ ಹೋಗಿ ನೋಡಿ. ಹೆಣ ಕೊಯ್ಯೋನು, ಮತ್ತೆ ಹೊಲಿಯೋನು ನಮ್ಮ ಕೇರಿಯ ಡಿ ದರ್ಜೆ ನೌಕರ. ಡಾಕ್ಟರು ಒಂದು ಮಾರು ದೂರ ನಿಂತು ಬರೆದುಕೊಳ್ಳುತ್ತಾರೆ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ 1836ರಲ್ಲಿ ಮಧುಸೂದನ ಗುಪ್ತ ಅವರು ಹೆಣ ಕೊಯ್ದದ್ದು ಇತಿಹಾಸದ ಪುಸ್ತಕ ಸೇರಿತು. ಜಾತಿಕಟ್ಟು ಮುರಿದ ಧೈರ್ಯ ಅದು, ನಾವು ಸಣ್ಣದು ಅನ್ನೋದಿಲ್ಲ. ಆದರೆ ಅದಕ್ಕೂ ಎಷ್ಟೋ ತಲೆಮಾರು ಹಿಂದಿನಿಂದ ಹೆಣ ಮುಟ್ಟುತ್ತ ಬಂದವರ ಹೆಸರು ಯಾವ ಪುಸ್ತಕದಲ್ಲಿದೆ?

ಅಂದರೆ ನಮಗೆ ಕೊಯ್ಯೋಕೆ, ಹೊಲಿಯೋಕೆ ಬರಲ್ಲ ಅಂತ ಯಾರೂ ಹೇಳುವಂತಿಲ್ಲ. ಸತ್ತ ದೇಹ ಕೊಯ್ಯೋಕೆ ನಮ್ಮ ಕೈ ಆಗುತ್ತೆ, ಬದುಕಿರುವ ದೇಹ ಕೊಯ್ದು ಉಳಿಸೋಕೆ ಮಾತ್ರ ಆಗಲ್ಲ ಅನ್ನೋದು ಎಲ್ಲಿಯ ನ್ಯಾಯ?

ಸರ್ಜನ್‌ನ ಕೈ ಯಾರಿಗೂ ಹುಟ್ಟಿನಿಂದ ಬರೋದಿಲ್ಲ ಗೆಳೆಯರೆ. ಕೆಲಸ ಕೊಟ್ಟರೆ ಬರುತ್ತೆ. ಮೊದಲು ಹಿಡಿದು ನಿಲ್ಲೋದು, ಆಮೇಲೆ ಹೊಲಿಯೋದು, ಆಮೇಲೆ ಕೊಯ್ಯೋದು, ಕೊನೆಗೆ ಪೂರಾ ಕೇಸು ತಾನೇ ಮಾಡೋದು. ಈ ಮೆಟ್ಟಿಲು ಹತ್ತಿಸುವ ವ್ಯವಸ್ಥೆಗೇ ರೆಸಿಡೆನ್ಸಿ ಅಂತ ಹೆಸರು. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್ ಎಂಬ ಸರ್ಜನ್ ಇದಕ್ಕೆ ಒಂದು ಶಿಸ್ತು ಕೊಟ್ಟ. ಕಲಿಯುವ ಡಾಕ್ಟರು ಆಸ್ಪತ್ರೆಯಲ್ಲೇ ವಾಸ ಮಾಡಬೇಕು, ಅದಕ್ಕೇ 'ರೆಸಿಡೆಂಟ್'. ಅವನದು ಗೋಪುರದ ಹಾಗೆ. ಕೆಳಗೆ ಹಲವರು ಸೇರುತ್ತಾರೆ, ಮೇಲಕ್ಕೆ ಒಬ್ಬಿಬ್ಬರು ಉಳಿಯುತ್ತಾರೆ. ಯಾರು ಉಳಿಯಬೇಕು ಅನ್ನೋದು ದೊಡ್ಡವರ ಮರ್ಜಿ.

ಅದೇ ಆಸ್ಪತ್ರೆಯ ಇನ್ನೊಂದು ಕಥೆ ನಿಮಗೆ ಗೊತ್ತಿರಬೇಕು. ವಿವಿಯನ್ ಥಾಮಸ್ ಅಂತ ಒಬ್ಬ ಕರಿಯ ಯುವಕ. ಡಾಕ್ಟರ್ ಆಗಬೇಕು ಅಂತ ಬಡಗಿ ಕೆಲಸ ಮಾಡಿ ದುಡ್ಡು ಕೂಡಿಟ್ಟಿದ್ದ. 1930ರ ಆಸುಪಾಸಿನಲ್ಲಿ ಬ್ಯಾಂಕ್ ಮುಳುಗಿತು, ಕಾಲೇಜಿನ ದುಡ್ಡೂ ಹೋಯಿತು. ಬ್ಲಾಲಾಕ್ ಎಂಬ ಬಿಳಿಯ ಸರ್ಜನ್‌ನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದ. ಸಂಬಳದ ಪಟ್ಟಿಯಲ್ಲಿ ಅವನು ಜಾಡಮಾಲಿ. ಮಾಡುತ್ತಿದ್ದದ್ದು ನಾಯಿಗಳ ಮೇಲೆ ರಕ್ತನಾಳದ ಸೂಕ್ಷ್ಮ ಶಸ್ತ್ರಚಿಕಿತ್ಸೆ. 1944ರ ನವೆಂಬರ್ 29ರಂದು ನೀಲಿಗಟ್ಟಿದ ಒಂದು ಮಗುವಿಗೆ ಬ್ಲಾಲಾಕ್ ಹೆಸರಾದ ಆ ಹೃದಯದ ಆಪರೇಷನ್ ಮಾಡಿದಾಗ, ಅವನ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆ ಹೇಗೆ ಹಾಕಬೇಕು ಅಂತ ಹೇಳುತ್ತಿದ್ದವನು ಥಾಮಸ್. ಎಷ್ಟೋ ಬಿಳಿಯ ರೆಸಿಡೆಂಟರಿಗೆ ಕೈ ಪಳಗಿಸಿದವನೂ ಅವನೇ. ಆದರೆ ಅವನು ರೆಸಿಡೆಂಟ್ ಆಗಲೇ ಇಲ್ಲ. ಮನುಷ್ಯರ ಮೇಲೆ ಅವನಿಗೆ ಚಾಕು ಕೊಡಲಿಲ್ಲ. 1976ರಲ್ಲಿ ಅದೇ ಹಾಪ್ಕಿನ್ಸ್ ಗೌರವ ಡಾಕ್ಟರೇಟ್ ಕೊಟ್ಟಿತು. ಕೈ ಇದ್ದೂ ದಾರಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ನಮ್ಮ ದಾರಿಗೆ ಬರೋಣ.

ಪಿ.ಯು.ಸಿ. ಆದ ಮೇಲೆ ನೀಟ್. ಆಮೇಲೆ ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ. ಒಂದು ವರ್ಷ ಹೌಸ್‌ಸರ್ಜನ್. ಆಮೇಲೆ ನೀಟ್ ಪಿ.ಜಿ. ಅಂತ ಇನ್ನೊಂದು ಪರೀಕ್ಷೆ. ಅದರಲ್ಲಿ ಬಂದ ರ್‍ಯಾಂಕಿನ ಮೇಲೆ ಕೌನ್ಸೆಲಿಂಗ್. ಎಂ.ಎಸ್. ಜನರಲ್ ಸರ್ಜರಿ ಮೂರು ವರ್ಷ. ಮೆದುಳು, ಹೃದಯ, ಮೂತ್ರಪಿಂಡ, ಮಕ್ಕಳ ಸರ್ಜರಿ ಅಂತ ಮುಂದೆ ಹೋಗಬೇಕಾದರೆ ಎಂ.ಸಿ.ಎಚ್. ಮತ್ತೆ ಮೂರು ವರ್ಷ. ಹದಿನೆಂಟಕ್ಕೆ ಶುರು ಮಾಡಿದವನು ಒಂದೂ ವರ್ಷ ಕಳೆಯದೆ ಹೋದರೂ ಮುಗಿಸುವಾಗ ಮೂವತ್ತು. ನಡುವೆ ಪರೀಕ್ಷೆಗೆ ಕೂತ ವರ್ಷ, ಬಾಂಡ್ ಸೇವೆಯ ವರ್ಷ ಸೇರಿಸಿದರೆ ಇನ್ನೂ ಮೇಲೆ. ಅಲ್ಲಿ ತನಕ ಊರಲ್ಲಿ ಅಪ್ಪ ಕೂಲಿ ಮಾಡುತ್ತಲೇ ಇರಬೇಕು, ತಂಗಿಯ ಮದುವೆ ಕಾಯಬೇಕು. ಉಳ್ಳವರ ಮನೆಯಲ್ಲಿ ಈ ಹನ್ನೆರಡು ವರ್ಷ ಓದಿನ ಕಾಲ. ನಮ್ಮ ಮನೆಯಲ್ಲಿ ಅದು ಸಾಲದ ಕಾಲ.

ದಾರಿ ಒಂದೇ ಅಲ್ಲ ಅನ್ನೋದನ್ನೂ ತಿಳ್ಕೊಳ್ಳಿ. ಏಮ್ಸ್, ಜಿಪ್ಮರ್, ಚಂಡೀಗಢದ ಪಿ.ಜಿ.ಐ., ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಿಗೆ ಐ.ಎನ್.ಐ. ಸಿ.ಇ.ಟಿ. ಅಂತ ಬೇರೆ ಪರೀಕ್ಷೆ ಇದೆ. 1975ರಲ್ಲಿ ಶುರುವಾದ ನ್ಯಾಷನಲ್ ಬೋರ್ಡ್ ಕೊಡುವ ಡಿ.ಎನ್.ಬಿ. ಇದೆ, ಅದನ್ನ ಮೆಡಿಕಲ್ ಕಾಲೇಜಲ್ಲದ ಆಸ್ಪತ್ರೆಗಳಲ್ಲೂ ಮಾಡಬಹುದು. ಸರ್ಕಾರಿ ಡಾಕ್ಟರಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿ, ಸೇವೆಯಲ್ಲಿರುವವರ ಕೋಟಾದಲ್ಲಿ ಪಿ.ಜಿ.ಗೆ ಬರುವ ದಾರಿಯೂ ಇದೆ. ಇಂಥ ಕೋಟಾ ಕೊಡುವ ಅಧಿಕಾರ ರಾಜ್ಯಗಳಿಗಿದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಗೆ ಸಂಬಳ ಬೇಕು, ಓದೂ ಬೇಕು ಅನ್ನುವ ನಮ್ಮಂಥವರಿಗೆ ಇದು ದೊಡ್ಡ ದಾರಿ. ಆದರೆ ಇದನ್ನ ಹಾಸ್ಟೆಲಿನಲ್ಲಿ ಹೇಳುವವರೇ ಇಲ್ಲ.

ಇನ್ನು ಮೀಸಲಾತಿ. ರಾಜ್ಯ ಸರ್ಕಾರಿ ಮೆಡಿಕಲ್ ಕಾಲೇಜುಗಳ ಪಿ.ಜಿ. ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತೆ. ಈ ಕೋಟಾ 1980ರ ದಶಕದಲ್ಲಿ ಕೋರ್ಟಿನ ತೀರ್ಪುಗಳಿಂದ ಹುಟ್ಟಿತು. ಅದರಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5 ಸೀಟು ಕೊಟ್ಟಿದ್ದು ಯಾವಾಗ? 2007ರಲ್ಲಿ! ಹಿಂದುಳಿದ ವರ್ಗಗಳಿಗೆ ಶೇ. 27 ಬಂದಿದ್ದು 2021ರಲ್ಲಿ. ಅಂದರೆ ಇಪ್ಪತ್ತು ವರ್ಷ ಆ ಬಾಗಿಲಲ್ಲಿ ನಮ್ಮ ಹೆಸರಿನ ಒಂದು ಸೀಟೂ ಇರಲಿಲ್ಲ. ಆ ಇಪ್ಪತ್ತು ವರ್ಷದಲ್ಲಿ ಸರ್ಜನ್ ಆದವರೇ ಇವತ್ತು ಪ್ರೊಫೆಸರು, ಪರೀಕ್ಷಕರು, ವಿಭಾಗದ ಮುಖ್ಯಸ್ಥರು. 'ನಿಮ್ಮವರು ಮೇಲೆ ಯಾಕೆ ಇಲ್ಲ?' ಅಂತ ಕೇಳುವವರಿಗೆ ಈ ಲೆಕ್ಕ ಒಪ್ಪಿಸಿ.

ಇನ್ನೂ ಮೇಲಿನ ಮೆಟ್ಟಿಲಿನ ಕಥೆ ಕೇಳಿ. ಎಂ.ಸಿ.ಎಚ್.ಗೆ ಜಾತಿ ಮೀಸಲಾತಿ ಇಲ್ಲ. ಆ ಎತ್ತರದಲ್ಲಿ ಮೀಸಲಾತಿ ಸಲ್ಲದು ಅಂತ 1999ರಲ್ಲಿ ಪ್ರೀತಿ ಶ್ರೀವಾಸ್ತವ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಏಣಿ ಕೊಟ್ಟು ಮೇಲಿನ ಮೆಟ್ಟಿಲನ್ನ ಕಿತ್ತಿಟ್ಟ ಹಾಗೆ.

ಇದಕ್ಕೆಲ್ಲ ಅವರ ಉತ್ತರ ಒಂದೇ: ಪ್ರತಿಭೆ. ರೋಗಿಯ ಜೀವದ ಪ್ರಶ್ನೆ, ಸರ್ಜನ್ ಪ್ರತಿಭಾವಂತನೇ ಆಗಬೇಕು ಅಂತಾರೆ. ಆಗಲಿ. ಹಾಗಾದರೆ 2023ರಲ್ಲಿ ಏನಾಯ್ತು? ಪಿ.ಜಿ. ಸೀಟುಗಳು ಖಾಲಿ ಉಳಿದವು ಅಂತ ಕೇಂದ್ರ ಸರ್ಕಾರ ನೀಟ್ ಪಿ.ಜಿ. ಅರ್ಹತೆಯನ್ನ ಎಲ್ಲ ವರ್ಗಕ್ಕೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು. ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ದುಡ್ಡಿದ್ದವನು ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕಟ್ಟಿ ಸೇರಬಹುದು. ಆಗ ರೋಗಿಯ ಜೀವ ಎಲ್ಲಿ ಹೋಗಿತ್ತು? ನಮ್ಮ ಕರ್ನಾಟಕ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಹೆಸರಾದ ನಾಡು. ಕ್ಯಾಪಿಟೇಶನ್ ಹಾವಳಿ ತಡೆಯೋಕೆ 1984ರಲ್ಲಿ ಇಲ್ಲೇ ಕಾನೂನು ಮಾಡಬೇಕಾಯ್ತು. 1992ರಲ್ಲಿ ತೀರ್ಪು ಬಂದ ಮೋಹಿನಿ ಜೈನ್ ಮೊಕದ್ದಮೆ ಹುಟ್ಟಿದ್ದೂ ಇಲ್ಲಿಯ ಒಂದು ಮೆಡಿಕಲ್ ಸೀಟಿನ ದುಡ್ಡಿನ ಮೇಲೆಯೇ. ದುಡ್ಡಿನ ಮೀಸಲಾತಿಯನ್ನ ಪ್ರತಿಭೆ ಅಂತಾರೆ, ಹಕ್ಕಿನ ಮೀಸಲಾತಿಯನ್ನ ಭಿಕ್ಷೆ ಅಂತಾರೆ. ಈ ಭಾಷೆಯನ್ನ ನಾವು ಒಪ್ಪಬಾರದು. ಒಳಗೆ ಬಂದ ಮೇಲೆ ಎಲ್ಲರಿಗೂ ಪಾಠ ಒಂದೇ, ಕೊನೆಯ ಪರೀಕ್ಷೆ ಒಂದೇ, ಪಾಸಾಗುವ ಅಂಕ ಒಂದೇ. ಜಾತಿ ನೋಡಿ ಯಾರಿಗೂ ಎಂ.ಎಸ್. ಡಿಗ್ರಿ ಕೊಡಲ್ಲ.

ಈಗ ಎರಡನೇ ಪ್ರಶ್ನೆ. ಆ ಕಾಲೇಜನ್ನೇ ಯಾಕೆ ಆರಿಸಿಕೊಂಡ್ರಿ?

ಅಮೆರಿಕದಲ್ಲಿ 1952ರಿಂದ ಮ್ಯಾಚ್ ಅಂತ ಒಂದು ಪದ್ಧತಿ ಇದೆ. ಸಂದರ್ಶನ ಆದ ಮೇಲೆ ಡಾಕ್ಟರು ತನಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡ್ತಾನೆ, ಆಸ್ಪತ್ರೆ ತನಗೆ ಬೇಕಾದವರ ಪಟ್ಟಿ ಕೊಡುತ್ತೆ, ಎರಡನ್ನೂ ಹೊಂದಿಸ್ತಾರೆ. ನಮ್ಮಲ್ಲಿ ಸಂದರ್ಶನ ಇಲ್ಲ. ರ್‍ಯಾಂಕ್ ಇದೆ, ಕಂಪ್ಯೂಟರ್ ಇದೆ. ಇದು ಒಳ್ಳೇದೇ. ಮುಖ ನೋಡಿ, ಅಡ್ಡಹೆಸರು ಕೇಳಿ ಸೀಟು ಕೊಡುವ ಹಾಗಿದ್ದರೆ ನಮ್ಮಲ್ಲಿ ಎಷ್ಟು ಜನ ಒಳಗೆ ಬರುತ್ತಿದ್ದೆವು? ಆದರೆ ಆಯ್ಕೆಯ ಪಟ್ಟಿ ತುಂಬುವಾಗ ಬೇರೆಯವರು ತುಂಬುವುದು ಒಂದು ರೀತಿ, ನಾವು ತುಂಬುವುದು ಇನ್ನೊಂದು ರೀತಿ. ಅವರ ಮನೆಯಲ್ಲಿ ಚಿಕ್ಕಪ್ಪ ಡಾಕ್ಟರು, ಅತ್ತೆ ಡಾಕ್ಟರು. ಯಾವ ಯೂನಿಟ್ಟಿನಲ್ಲಿ ಕೈಗೆ ಕೇಸು ಸಿಗುತ್ತೆ, ಯಾವ ಪ್ರೊಫೆಸರು ಕಲಿಸ್ತಾರೆ ಅಂತ ಊಟದ ಹೊತ್ತಿಗೇ ಗೊತ್ತಾಗುತ್ತೆ. ನಮ್ಮ ಮನೆಯಲ್ಲಿ ಡಾಕ್ಟರು ಅಂತ ಆಗಿದ್ದೇ ನಾವು.

ನಾವು ನಮ್ಮೊಳಗೇ ಕೇಳಿಕೊಂಡೆವು, ಯಾರು ಯಾಕೆ ಆರಿಸಿಕೊಂಡದ್ದು ಅಂತ. ಒಬ್ಬ ಹೇಳಿದ, ಅಲ್ಲಿ ಫೀಸು ಕಮ್ಮಿ, ಸ್ಟೈಪೆಂಡ್ ತಿಂಗಳಿಗೆ ಸರಿಯಾಗಿ ಬರುತ್ತೆ, ಮನೆಗೆ ಕಳಿಸಬಹುದು. ಇನ್ನೊಬ್ಬ ಹೇಳಿದ, ಅಪ್ಪನಿಗೆ ಹುಷಾರಿಲ್ಲ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರು ಸೇರಬೇಕು. ಮತ್ತೊಬ್ಬ, ರೋಗಿಗಳು ಕನ್ನಡದಲ್ಲಿ ಮಾತಾಡ್ತಾರೆ, ಅವರ ನೋವು ನನಗೆ ಅರ್ಥ ಆಗುತ್ತೆ ಅಂದ. ಒಬ್ಬ ಗೆಳತಿಗೆ ಎಲ್ಲರೂ, ಸರ್ಜರಿ ಹೆಣ್ಣಿಗಲ್ಲ, ಕಣ್ಣೋ ಚರ್ಮವೋ ತಗೋ ಅಂದಿದ್ದರು. ಅವಳು ಹಠಕ್ಕೆ ಸರ್ಜರಿ ಬರೆದಳು, ಹೆಂಗಸರು ಈಗಾಗಲೇ ಇರುವ ವಿಭಾಗವನ್ನ ಹುಡುಕಿ ಬರೆದಳು. ಇನ್ನೊಬ್ಬ, ಹೆಸರಾದ ಕಾಲೇಜು ಸಿಗುತ್ತಿದ್ದರೂ ಬಿಟ್ಟು, ನಮ್ಮ ಒಬ್ಬ ಸೀನಿಯರ್ ಇರುವ ಕಡೆಗೆ ಹೋದ. 'ಅಲ್ಲಿ ಬಿದ್ದರೆ ಎತ್ತೋರು ಒಬ್ಬರು ಇದ್ದಾರೆ' ಅನ್ನೋದು ಅವನ ಕಾರಣ. ಇವು ಯಾವುದೂ ಸಣ್ಣ ಕಾರಣ ಅಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಬದುಕುಳಿಯುವ ಕಾರಣಗಳು. ಕಲಿಯುವ ಕಾರಣ ಕೇಳೋಕೆ ನಮಗೆ ಪುರುಸೊತ್ತೇ ಇರಲಿಲ್ಲ. ನಿಮಗೆ ಅದು ಇರಬೇಕು ಅಂತಲೇ ಈ ಮಾತು.

ಹೊರಗೆ ನೋಡಿ. ಈಗ ಮೊದಲ ರ್‍ಯಾಂಕಿನವರು ಹೆಚ್ಚಾಗಿ ರೇಡಿಯಾಲಜಿ, ಚರ್ಮರೋಗ, ಮೆಡಿಸಿನ್ ಕಡೆ ಹೋಗ್ತಾರೆ. ಸರ್ಜರಿಯಲ್ಲಿ ರಾತ್ರಿ ಡ್ಯೂಟಿ, ದುಡಿಮೆ ಜಾಸ್ತಿ, ಮುಂದೆ ಇನ್ನೂ ಮೂರು ವರ್ಷ ಓದು ಅಂತ ಹಿಂದೆ ಸರೀತಾರೆ. ದುಡಿಮೆಗೆ ಹೆದರದ ಮಕ್ಕಳು ಈ ಜಾಗಕ್ಕೆ ಬರಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಕರುಳು ಹರಿದು ಬಂದವನು, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತವನು, ಕ್ವಾರಿಯಲ್ಲಿ ಕೈ ಜಜ್ಜಿಕೊಂಡವನು ಯಾರು? ನಮ್ಮ ಜನವೇ. ಅವರಿಗೆ ಬೇಕಾಗಿರೋದು ಸರ್ಜನ್.

ಹಾಗಾದರೆ ಪಟ್ಟಿ ತುಂಬುವ ಮೊದಲು ಏನು ಕೇಳಬೇಕು? ಕಾಲೇಜಿನ ಕಟ್ಟಡ ನೋಡಬೇಡಿ. ಅಲ್ಲಿ ಈಗ ಓದುತ್ತಿರುವ ಪಿ.ಜಿ.ಗಳನ್ನ ಹುಡುಕಿ ಕೇಳಿ.

ಮೊದಲನೇದು, ಕೇಸು ಯಾರು ಮಾಡ್ತಾರೆ? ಮೂರನೇ ವರ್ಷದವರು ಹರ್ನಿಯಾ, ಅಪೆಂಡಿಕ್ಸ್, ರಾತ್ರಿ ಬಂದ ಕರುಳಿನ ಕೇಸನ್ನ ದೊಡ್ಡವರು ಪಕ್ಕದಲ್ಲಿದ್ದು ತಾವೇ ಮಾಡ್ತಾರಾ, ಇಲ್ಲ ಮೂರು ವರ್ಷ ರಿಟ್ರ್ಯಾಕ್ಟರ್ ಹಿಡಿದು ನಿಲ್ತಾರಾ? ದುಡ್ಡು ಕೊಟ್ಟ ರೋಗಿ ದೊಡ್ಡ ಡಾಕ್ಟರೇ ಮಾಡಲಿ ಅಂತಾನೆ. ಅದಕ್ಕೇ ಎಷ್ಟೋ ಥಳುಕಿನ ಆಸ್ಪತ್ರೆಯಲ್ಲಿ ಕೈಗೆ ಕೆಲಸ ಸಿಗಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ, ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿಯ ಸರ್ಕಾರಿ ಆಸ್ಪತ್ರೆಗಳಿಗೆ ಬಡವರ ಜಾತ್ರೆಯೇ ಬರುತ್ತೆ. ಕಲಿಕೆ ಇರೋದು ಅಂಥಲ್ಲಿ. ಆದರೆ ಬಡವನ ಮೈ ನಮ್ಮ ಕಲಿಕೆಗೆ ಬಿಟ್ಟಿ ಸಾಮಾನು ಅಲ್ಲ. ಅವನು ನಮ್ಮ ಅಪ್ಪ ಅಂತ ತಿಳಿದೇ ಚಾಕು ಹಿಡಿಯಬೇಕು.

ಎರಡನೇದು, ಬಾಂಡ್ ಎಷ್ಟು ವರ್ಷ, ಎಷ್ಟು ದುಡ್ಡು? ನಡುವೆ ಸೀಟು ಬಿಟ್ಟರೆ ದಂಡ ಎಷ್ಟು? ಕರ್ನಾಟಕದಲ್ಲಿ ಕಡ್ಡಾಯ ಸರ್ಕಾರಿ ಸೇವೆಗೆ 2012ರ ಕಾಯ್ದೆ ಇದೆ, ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ. ಸೇರುವ ವರ್ಷದ ಆದೇಶವನ್ನ ನೀವೇ ಓದಿ. ಯಾರೋ ಹೇಳಿದರು ಅಂತ ಸಹಿ ಹಾಕಬೇಡಿ.

ಮೂರನೇದು, ಡ್ಯೂಟಿ ಎಷ್ಟು ಗಂಟೆ? ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ನಿಯಮ ಒಂದೇ ಸಮನೆ 12 ಗಂಟೆ ಮೀರಬಾರದು, ವಾರಕ್ಕೆ ಸಾಮಾನ್ಯವಾಗಿ 48 ಗಂಟೆ ಅನ್ನುತ್ತೆ. ವಾರ್ಡಿನಲ್ಲಿ ಆ ಕಾಗದಕ್ಕೆ ಬೆಲೆ ಇಲ್ಲ. ಮೂವತ್ತಾರು ಗಂಟೆ ನಿದ್ದೆ ಇಲ್ಲದೆ ನಿಂತದ್ದನ್ನ ನಾವೇ ಅನುಭವಿಸಿದ್ದೇವೆ. ಮಲಗೋಕೆ ರೂಮು ಇದೆಯಾ, ಹೆಣ್ಣುಮಕ್ಕಳಿಗೆ ಬೀಗ ಹಾಕುವ ಡ್ಯೂಟಿ ರೂಮು, ಶೌಚಾಲಯ ಇದೆಯಾ ಅಂತ ಕೇಳೋಕೆ ನಾಚಿಕೆ ಬೇಡ.

ನಾಲ್ಕನೇದು, ನಮ್ಮವರು ಅಲ್ಲಿ ಓದಿ ಮುಗಿಸಿದ್ದಾರಾ? ಎಸ್.ಸಿ., ಎಸ್.ಟಿ. ಸೆಲ್ ಇದೆಯಾ? ಇದ್ದರೆ ಬಾಗಿಲು ತೆರೆದಿರುತ್ತಾ, ಬೋರ್ಡು ಮಾತ್ರವಾ?

ಈ ನಾಲ್ಕನೇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಸೀಟು ಸಿಕ್ಕಿತು ಅಂದರೆ ಅರ್ಧ ದಾರಿ ಅಷ್ಟೆ. ಉಳಿದರ್ಧ ಆಪರೇಷನ್ ಥಿಯೇಟರಿನ ಒಳಗೆ ಇದೆ. ನಾಳೆಯ ಪಟ್ಟಿಯಲ್ಲಿ ಯಾವ ಕೇಸಿಗೆ ಯಾರ ಹೆಸರು ಅನ್ನೋದಕ್ಕೆ ಕೋಟಾ ಇಲ್ಲ, ರೋಸ್ಟರ್ ಇಲ್ಲ, ಅಪೀಲು ಇಲ್ಲ. ಸೀನಿಯರ್ ಬಾಯಲ್ಲಿ ಬಂದದ್ದೇ ಕಾನೂನು. ಒಂದು ಕಡೆ ನಮ್ಮ ಗೆಳೆಯನನ್ನ ಸೇರಿದ ಮೊದಲ ವಾರವೇ ರ್‍ಯಾಂಕ್ ಎಷ್ಟು ಅಂತ ಕೇಳಿದರು. ರ್‍ಯಾಂಕ್ ಕೇಳೋದು ಅಂದರೆ ಜಾತಿ ಕೇಳೋದು. ಆಮೇಲೆ ತಿಂಗಳುಗಟ್ಟಲೆ ಅವನಿಗೆ ಬ್ಯಾಂಡೇಜು, ರಕ್ತದ ಬಾಟಲಿ, ಫೈಲು ಹೊರುವ ಕೆಲಸ. ಜೊತೆಗೆ ಸೇರಿದವರು ಹೊಲಿಗೆ ಕಲಿತರು. ಆರು ತಿಂಗಳಾದ ಮೇಲೆ 'ನೋಡಿ, ಇವನಿಗೆ ಕೈ ಇಲ್ಲ' ಅಂದರು. ಕೊಡದೆ ಇದ್ದದ್ದನ್ನ ಇಲ್ಲ ಅಂತ ಸಾಬೀತು ಮಾಡೋದು ಎಷ್ಟು ಸುಲಭ!

ಇದು ಒಬ್ಬನ ಗೋಳಲ್ಲ. ದೆಹಲಿಯ ಏಮ್ಸ್‌ನಲ್ಲಿ ಜಾತಿ ತಾರತಮ್ಯದ ದೂರು ಬಂದಾಗ ಸುಖದೇವ ಥೋರಟ್ ಅವರ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಹಾಸ್ಟೆಲಿನಲ್ಲಿ ನಮ್ಮ ಹುಡುಗರು ಬೇರೆಯಾಗಿ ಒಂದು ಕಡೆ ಸೇರಬೇಕಾದದ್ದು, ವೈವಾ ಮತ್ತು ಪ್ರಾಕ್ಟಿಕಲ್‌ನಲ್ಲಿ ನ್ಯಾಯ ಸಿಗುತ್ತಿಲ್ಲ ಅಂತ ಅವರು ಹೇಳಿದ್ದು ಎಲ್ಲವೂ ಅದರಲ್ಲಿದೆ. 2019ರ ಮೇ 22ರಂದು ಮುಂಬಯಿಯಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಪಿ.ಜಿ. ಡಾ. ಪಾಯಲ್ ತಡ್ವಿ ಪ್ರಾಣ ಕಳಕೊಂಡಳು. ತಡ್ವಿ ಭಿಲ್ಲರ ಮಗಳು. ಮೂವರು ಸೀನಿಯರುಗಳ ಜಾತಿ ಕಿರುಕುಳವೇ ಕಾರಣ ಅಂತ ಮನೆಯವರು ದೂರು ಕೊಟ್ಟರು, ಮೊಕದ್ದಮೆ ಆಯಿತು. ಪಾಯಲಳ ತಾಯಿ ಅಬೇದಾ ತಡ್ವಿ, ರೋಹಿತ್ ವೇಮುಲನ ತಾಯಿ ರಾಧಿಕಾ ವೇಮುಲ, ಇಬ್ಬರು ತಾಯಂದಿರು ಅದೇ ವರ್ಷ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮಕ್ಕಳನ್ನ ಕಳಕೊಂಡ ತಾಯಂದಿರು ಹೋರಾಡುವಾಗ ನಾವು ಹಾಸ್ಟೆಲಿನಲ್ಲಿ ಮುಸುಕು ಹಾಕಿ ಮಲಗಬಾರದು.

ಅದಕ್ಕೇ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಪ್ರತಿಯೊಬ್ಬ ಪಿ.ಜಿ.ಯೂ ತಾನು ಮಾಡಿದ, ಸಹಾಯ ಮಾಡಿದ ಕೇಸುಗಳನ್ನ ಲಾಗ್ ಬುಕ್ಕಿನಲ್ಲಿ ಬರೀಬೇಕು ಅಂತ ನಿಯಮವೇ ಇದೆ. ಆ ಲೆಕ್ಕವನ್ನ ವರ್ಷಕ್ಕೊಮ್ಮೆ ವಿಭಾಗದ ಗೋಡೆಗೆ ಹಚ್ಚಲಿ. ಯಾರಿಗೆ ಎಷ್ಟು ಕೇಸು ಸಿಕ್ಕಿತು ಅಂತ ಎಲ್ಲರಿಗೂ ಕಾಣಲಿ. ವೈವಾದಲ್ಲಿ ಹೆಸರಿನ ಬದಲು ನಂಬರ್ ಇರಲಿ. ಎಸ್.ಸಿ., ಎಸ್.ಟಿ. ಸೆಲ್ಲಿನಲ್ಲಿ ಪಿ.ಜಿ.ಗಳ ಪ್ರತಿನಿಧಿ ಇರಲಿ. ಎಂ.ಸಿ.ಎಚ್.ನ ಬಾಗಿಲು ತೆರೆಯುವ ಕಾನೂನಿಗೆ ಚಳವಳಿ ಆಗಲಿ.

ಸರ್ಕಾರಕ್ಕೆ ಕೇಳುವಾಗಲೇ ನಾವೂ ಮಾಡುವ ಕೆಲಸ ಇದೆ. ಪ್ರತಿ ಜಿಲ್ಲೆಯ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡಿ. ನಮ್ಮಲ್ಲಿ ಯಾರು ಎಲ್ಲಿ ಪಿ.ಜಿ. ಮಾಡ್ತಿದ್ದಾರೆ, ಅಲ್ಲಿ ಕೇಸು ಸಿಗುತ್ತಾ, ಬಾಂಡ್ ಎಷ್ಟು, ಸ್ಟೈಪೆಂಡ್ ಎಷ್ಟು, ಸೀನಿಯರು ಹೇಗೆ, ಎಲ್ಲ ಬರೆದಿಡಿ. ಉಳ್ಳವರ ಮನೆಯ ಊಟದ ಮಾತು ನಮಗೆ ಆ ನೋಟ್‌ಬುಕ್ಕಿನಲ್ಲಿ ಸಿಗಲಿ. ನೀಟ್ ಪಿ.ಜಿ. ಇಂಗ್ಲಿಷಿನಲ್ಲೇ ಇದೆ, ಕನ್ನಡ ಮಾಧ್ಯಮದಿಂದ ಬಂದವರು ಎಂ.ಬಿ.ಬಿ.ಎಸ್. ಮೊದಲ ವರ್ಷದಿಂದಲೇ ಕೂಡಿ ಓದಲಿ. ಕೌನ್ಸೆಲಿಂಗ್ ವಾರದಲ್ಲಿ ಒಬ್ಬನನ್ನೂ ಒಂಟಿಯಾಗಿ ಕಂಪ್ಯೂಟರ್ ಮುಂದೆ ಕೂರಿಸಬೇಡಿ. ನಮಗೆ ಕಾಗದ ಬರೀರಿ, ಫೋನ್ ಮಾಡಿ, ನಾವು ಪಕ್ಕದಲ್ಲಿ ಕೂರುತ್ತೇವೆ.

ಒಳಗೆ ಹೋದ ಮೇಲೆ ಕೇಸು ಕೊಡಲ್ಲ ಅಂದರೆ ಬಾಯಿ ಬಿಟ್ಟು ಕೇಳಿ. ಕೇಳಿದ ದಿನಾಂಕ ಬರೆದಿಡಿ. ಒಬ್ಬರೇ ಅಳಬೇಡಿ. ನೋವು ತಡೆಯೋಕಾಗದ ರಾತ್ರಿ ನಮ್ಮನ್ನ ಎಬ್ಬಿಸಿ. ಸರ್ಜರಿ ಬಿಟ್ಟು ಬರೋದು ಸೋಲಲ್ಲ, ಪ್ರಾಣ ದೊಡ್ಡದು. ಆದರೆ ಹೆದರಿಸಿದರು ಅನ್ನೋ ಒಂದೇ ಕಾರಣಕ್ಕೆ ಪಟ್ಟಿಯಲ್ಲಿ ಸರ್ಜರಿ ಬರೆಯದೆ ಬಿಡಬೇಡಿ.

ನಮ್ಮ ಅವ್ವಂದಿರು ಹೊಕ್ಕುಳ ಬಳ್ಳಿ ಕೊಯ್ದು ಊರನ್ನೇ ಭೂಮಿಗೆ ಇಳಿಸಿದರು. ಆ ಕೈಗೆ ಕಲಿಕೆ ಬೇಕು, ಕೇಸು ಬೇಕು, ನ್ಯಾಯ ಬೇಕು. ಕೇಳಿ ಪಡೆಯೋಣ, ಕೊಡದಿದ್ದರೆ ಕೂಡಿ ಪಡೆಯೋಣ.

ಜೈ ಭೀಮ್.